ನೆಲದ ಬೋಲ್ಟಿನಿಂದ ಭುಜದ ಪಟ್ಟಿಯವರೆಗೆ: ವ್ಯಾನಿನ ಸೀಟು, ಬೆಲ್ಟು, ಎಚ್ಚರಿಕೆ ದೀಪ ಪರೀಕ್ಷಿಸುವ ಕ್ರಮ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಂದೇ ವ್ಯಾನು ಎರಡು ಕೆಲಸಕ್ಕೆ ದುಡಿಯುತ್ತದೆ. ವಾರವೆಲ್ಲ ಕೋಲಾರದ ಎಪಿಎಂಸಿಗೆ ಟೊಮೆಟೊ, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು, ಚಿಕ್ಕಬಳ್ಳಾಪುರಕ್ಕೆ ಹೂವು. ಭಾನುವಾರ ಬಂತೆಂದರೆ ಅದೇ ವ್ಯಾನಿನ ಹಿಂದಿನ ಸೀಟು ಮತ್ತೆ ಒಳಗೆ ಬರುತ್ತದೆ, ಮನೆಮಂದಿ ಕೈವಾರಕ್ಕೋ ಕುರುಡುಮಲೆಗೋ ಹೊರಡುತ್ತಾರೆ. ಸೀಟು ಬಿಚ್ಚಿ ಹಾಕುವ ಈ ಹೊತ್ತಿನಲ್ಲೇ ಬೆಲ್ಟಿನ ತೊಂದರೆ ಶುರುವಾಗುವುದು. ಬಕಲ್ ಕುಷನ್ ಅಡಿಗೆ ಸಿಕ್ಕಿಕೊಳ್ಳುತ್ತದೆ, ಬೋಲ್ಟು ಒಂದು ಕಡಿಮೆಯಾಗುತ್ತದೆ, ವಾಷರ್ ಕಳೆದುಹೋಗುತ್ತದೆ. ಮೇಲಿಂದ ನೋಡಿದರೆ ಸೀಟು ಸರಿಯಾಗಿಯೇ ಕೂತಿರುತ್ತದೆ.

ಆದ್ದರಿಂದ ಬೆಲ್ಟನ್ನು ಬರೀ ಪಟ್ಟಿ ಎಂದು ನೋಡಬೇಡಿ. ವ್ಯಾನಿನ ನೆಲ, ನೆಲದ ಬೋಲ್ಟು, ಬಕಲ್, ಅದರೊಳಗೆ ಕೂರುವ ಲೋಹದ ನಾಲಿಗೆ, ಪಟ್ಟಿ, ಪಟ್ಟಿ ಸುತ್ತಿಕೊಳ್ಳುವ ಡಬ್ಬಿ, ಕೊನೆಗೆ ಕೂತವರ ಸೊಂಟದ ಮೂಳೆ, ಭುಜದ ಮೂಳೆ. ಇಷ್ಟೂ ಸೇರಿ ಒಂದು ಸರಪಳಿ. ಯಾವ ಕೊಂಡಿ ಸೋತರೂ ಉಳಿದವು ಕೆಲಸಕ್ಕೆ ಬರುವುದಿಲ್ಲ.

ಎಷ್ಟು ಭಾರ ಬೀಳುತ್ತದೆ

ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಗುದ್ದಿದಾಗ ಲೋಹ ನಜ್ಜುಗುಜ್ಜಾಗಿ, ಬೆಲ್ಟು ಹಿಗ್ಗಿ, ಒಟ್ಟು ಅರ್ಧ ಮೀಟರಿನೊಳಗೆ ಮೈ ನಿಂತಿತು ಎಂದಿಟ್ಟುಕೊಳ್ಳಿ. ಆಗ ಮೈಮೇಲೆ ಬೀಳುವ ಬಲ ಕೂತವರ ತೂಕದ ಸುಮಾರು 20 ಪಟ್ಟು. 60 ಕೆ.ಜಿ. ತೂಕದವರು 1,200 ಕೆ.ಜಿ. ಎಳೆದಂತೆ ಬೆಲ್ಟನ್ನು ಎಳೆಯುತ್ತಾರೆ. ಮಡಿಲಲ್ಲಿ ಕೂರಿಸಿಕೊಂಡ 10 ಕೆ.ಜಿ. ಮಗು ಆ ಕ್ಷಣಕ್ಕೆ 200 ಕೆ.ಜಿ. ಆಗುತ್ತದೆ. ಎಂಥ ಗಟ್ಟಿ ತೋಳಿದ್ದರೂ ಅಷ್ಟನ್ನು ಹಿಡಿಯಲಾಗದು. ಸೀಟಿನ ಹಿಂದೆ ಕಟ್ಟದೆ ಇಟ್ಟ 15 ಕೆ.ಜಿ. ಟೊಮೆಟೊ ಕ್ರೇಟು 300 ಕೆ.ಜಿ. ಬಲದಲ್ಲಿ ಮುಂದಿನವರ ಬೆನ್ನಿಗೆ ಬಂದು ಬಡಿಯುತ್ತದೆ. ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವ ವ್ಯಾನುಗಳಿಗೆ ಉದ್ದ ಬಾನೆಟ್ ಇಲ್ಲ, ಮುಂದೆ ನಜ್ಜುಗುಜ್ಜಾಗಲು ಜಾಗವೇ ಕಡಿಮೆ. ಅಲ್ಲಿ ಏಟು ಇನ್ನೂ ಜೋರು.

ಕಂಪನಿಯಿಂದ ಬಂದ ಬೆಲ್ಟು ಇದನ್ನು ತಡೆಯುತ್ತದೆ. ಅಂತಾರಾಷ್ಟ್ರೀಯ ನಿಯಮ ಆರ್-16ರ ಪ್ರಕಾರ ಪಟ್ಟಿ ಸುಮಾರು 1,500 ಕೆ.ಜಿ. ಎಳೆತದವರೆಗೂ ಹರಿಯಬಾರದು. ಪ್ರಯಾಣಿಕ ಕಾರು-ವ್ಯಾನಿನಲ್ಲಿ ಅದನ್ನು ಹಿಡಿದಿರುವ ಜಾಗಗಳಿಗೂ ಆರ್-14ರಲ್ಲಿ ಸುಮಾರು 1,350 ಕೆ.ಜಿ. ಎಳೆತದ ಪರೀಕ್ಷೆ ಇದೆ. ನಮ್ಮಲ್ಲಿ ಇವಕ್ಕೆ ಐಎಸ್ 15140 ಮತ್ತು ಐಎಸ್ 15139 ಎಂಬ ಮಾನಕಗಳಿವೆ. ಆಮೇಲೆ ಗ್ಯಾರೇಜಿನಲ್ಲಿ ತೂತು ಕೊರೆದು ಕೂರಿಸಿದ ಸೀಟು ಇಂಥ ಯಾವ ಪರೀಕ್ಷೆಗೂ ಒಳಗಾಗಿರುವುದಿಲ್ಲ.

ಕೀಲಿ ತಿರುಗಿಸಿ, ದೀಪ ನೋಡಿ

ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಆನ್‌ಗೆ ಮಾತ್ರ ತಿರುಗಿಸಿ, ಮೀಟರ್ ಬೋರ್ಡನ್ನು ಹತ್ತು ಸೆಕೆಂಡು ಗಮನಿಸಿ. ಯಾವುದು ಹತ್ತಿತು, ಯಾವುದು ಆರಿತು, ಎರಡೂ ಮುಖ್ಯ.

ಏರ್‌ಬ್ಯಾಗ್ ದೀಪವೂ ಎಬಿಎಸ್ (ಗಟ್ಟಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ದೀಪವೂ ಹತ್ತಿ ಕೆಲವೇ ಸೆಕೆಂಡಿನಲ್ಲಿ ತಾವೇ ಆರಬೇಕು. ಆಯಿಲ್ ಮತ್ತು ಬ್ಯಾಟರಿ ದೀಪ ಎಂಜಿನ್ ಚಾಲೂ ಆಗುವವರೆಗೆ ಉಳಿಯುತ್ತವೆ. ಹ್ಯಾಂಡ್ ಬ್ರೇಕ್ ದೀಪ ನೀವು ಅದನ್ನು ಇಳಿಸುವವರೆಗೆ, ಬೆಲ್ಟಿನ ದೀಪ ನೀವು ಬೆಲ್ಟು ಹಾಕುವವರೆಗೆ. ಏರ್‌ಬ್ಯಾಗ್ ಇರುವ ವ್ಯಾನಿನಲ್ಲಿ ಅದರ ದೀಪ ಒಮ್ಮೆಯೂ ಹತ್ತಲೇ ಇಲ್ಲವೆಂದರೆ ಖುಷಿಪಡಬೇಡಿ. ಹಿಂದೆ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಹೊಸದು ಹಾಕಿಸದೆ ದೀಪವನ್ನೇ ತೆಗೆಸಿರಬಹುದು. ಸೆಕೆಂಡ್ ಹ್ಯಾಂಡ್ ವ್ಯಾನು ಕೊಳ್ಳುವವರು ದರದ ಮಾತಿಗೆ ಮೊದಲೇ ಈ ಹತ್ತು ಸೆಕೆಂಡು ನೋಡಿಕೊಳ್ಳಬೇಕು.

ಬಣ್ಣದ ಲೆಕ್ಕ ಸುಲಭ. ಕೆಂಪು ಹತ್ತಿದರೆ ಈಗಲೇ ಗಮನ ಕೊಡಿ, ಬ್ರೇಕ್, ಆಯಿಲ್, ಬಿಸಿ ಇವಕ್ಕೆ ಸಂಬಂಧಿಸಿದ ಕೆಂಪಾದರೆ ಬದಿಗೆ ನಿಲ್ಲಿಸಿಯೇ ಬಿಡಿ. ಹಳದಿ ಹತ್ತಿದರೆ ಓಡಿಸಬಹುದು, ಆದರೆ ಬೇಗ ತೋರಿಸಿ. ಹಸಿರು, ನೀಲಿ ಬರೀ ಸುದ್ದಿ.

ಬ್ರೇಕಿನ ಕೆಂಪು ದೀಪದ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ನಂದಿ ಬೆಟ್ಟದಿಂದ ಇಳಿಯುವಾಗ ತಿರುವಿನಲ್ಲಿ ಅದು ಮಿಣುಕಿ, ನೇರ ರಸ್ತೆಗೆ ಬಂದ ಕೂಡಲೇ ಆರಿಹೋಗುತ್ತದೆ. ಹ್ಯಾಂಡ್ ಬ್ರೇಕ್ ಸರಿಯಾಗಿ ಇಳಿದಿಲ್ಲವೇನೋ ಎಂದು ಹಲವರು ಬಿಟ್ಟುಬಿಡುತ್ತಾರೆ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕೆಳಗಿನ ಗೆರೆಯ ಹತ್ತಿರ ಇಳಿದಿದ್ದರೆ ತಿರುವಿನಲ್ಲಿ ಅದು ಒಂದು ಬದಿಗೆ ಸರಿದು ಒಳಗಿನ ತೇಲು ಕೆಳಗೆ ಬೀಳುತ್ತದೆ, ದೀಪ ಹತ್ತುತ್ತದೆ. ಆಯಿಲ್ ಇಳಿದಿದೆ ಎಂದರೆ ಒಂದೋ ಬ್ರೇಕ್ ಪ್ಯಾಡ್ ಸವೆದಿದೆ, ಇಲ್ಲ ಎಲ್ಲೋ ಸೋರುತ್ತಿದೆ. ಬರೀ ಆಯಿಲ್ ತುಂಬಿಸಿ ಕಳಿಸುವ ಮೆಕ್ಯಾನಿಕ್ ಅರ್ಧ ಕೆಲಸವನ್ನಷ್ಟೇ ಮಾಡಿದ್ದಾರೆ.

2019ರ ಜುಲೈ 1ರಿಂದ ತಯಾರಾದ ಪ್ರಯಾಣಿಕ ಕಾರು, ವ್ಯಾನುಗಳಲ್ಲಿ ಚಾಲಕರ ಏರ್‌ಬ್ಯಾಗ್, ಮುಂದಿನ ಎರಡೂ ಸೀಟಿಗೆ ಬೆಲ್ಟಿನ ಎಚ್ಚರಿಕೆ, 80 ಕಿ.ಮೀ. ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಕೂಗುವ ಸದ್ದು ಕಡ್ಡಾಯ. ಅದಕ್ಕಿಂತ ಹಳೆಯ ವ್ಯಾನುಗಳಲ್ಲಿ ಇವು ಇಲ್ಲದಿರಬಹುದು. ಅಲ್ಲಿ ನಿಮ್ಮನ್ನು ಕಾಯುವುದು ಬೆಲ್ಟು ಒಂದೇ.

ಮುಂದಿನ ಎಡ ಸೀಟಿನ ಮೇಲೆ ಚೀಲ ಇಟ್ಟರೂ ಕುಷನ್ ಒಳಗಿನ ಸೆನ್ಸರ್ ಅದನ್ನು ಮನುಷ್ಯರೆಂದು ಎಣಿಸಿ ಕೂಗುತ್ತದೆ. ಚೀಲವನ್ನು ಕೆಳಗಿಡಿ, ಕೂಗು ನಿಲ್ಲುತ್ತದೆ. ಅದಕ್ಕಾಗಿ ಬಕಲ್‌ಗೆ ಸಿಕ್ಕಿಸುವ ನಕಲಿ ಕ್ಲಿಪ್ಪನ್ನು ತರಬೇಡಿ. ಅದು ದೀಪವನ್ನಷ್ಟೇ ಆರಿಸುವುದಿಲ್ಲ, ಮುಂದೆ ಕೂತವರು ನಿಜವಾದ ಬೆಲ್ಟು ಹಾಕಿಕೊಳ್ಳಬೇಕಾದ ಬಾಯಿಯನ್ನೇ ಮುಚ್ಚಿಬಿಡುತ್ತದೆ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟ ತಾಣಗಳಿಂದ ಈ ಕ್ಲಿಪ್ಪುಗಳ 13,118 ಪಟ್ಟಿಗಳನ್ನು ತೆಗೆಸಿತು.

ಏರ್‌ಬ್ಯಾಗ್ ದೀಪ ಆರದೆ ಉಳಿದರೆ, ಜೊತೆಗೆ ಹಾರ್ನ್ ಕೂಡ ಕೈಕೊಟ್ಟಿದ್ದರೆ, ಸ್ಟೀರಿಂಗ್ ಒಳಗಿನ ಸುರುಳಿ ಕೇಬಲ್ ತುಂಡಾಗಿರುವ ಸಾಧ್ಯತೆ ಹೆಚ್ಚು. ಹಳದಿ ಕನೆಕ್ಟರ್ ಇರುವ ವೈರುಗಳೆಲ್ಲ ಏರ್‌ಬ್ಯಾಗಿನವು, ಇಲ್ಲವೇ ಗುದ್ದಿದ ಕೂಡಲೇ ಬೆಲ್ಟನ್ನು ಬಿಗಿಗೊಳಿಸುವ ಸಿಡಿಮದ್ದಿನ ಪ್ರಿಟೆನ್ಷನರ್‌ನವು. ಅವಕ್ಕೆ ಮಲ್ಟಿಮೀಟರ್ ಕಡ್ಡಿ ತಾಗಿಸಬೇಡಿ, ಟೆಸ್ಟ್ ಲ್ಯಾಂಪ್ ಹಿಡಿಯಬೇಡಿ. ಆ ಕೆಲಸ ಸ್ಕ್ಯಾನರ್ ಇರುವ ಸರ್ವಿಸ್ ಸೆಂಟರಿನದು.

ಪುಸ್ತಕ, ಸ್ಟಿಕ್ಕರು

ವ್ಯಾನಿನ ಪುಸ್ತಕದಲ್ಲಿ ವಾರ್ನಿಂಗ್ ಎಂದಿದ್ದರೆ ಮೀರಿದರೆ ಸಾವು ಅಥವಾ ದೊಡ್ಡ ಗಾಯ ಆಗಬಹುದು ಎಂದರ್ಥ. ಕಾಷನ್ ಎಂದಿದ್ದರೆ ಸಣ್ಣ ಗಾಯ ಅಥವಾ ಗಾಡಿಗೆ ಹಾನಿ. ನೋಟ್ ಎಂಬುದು ತಿಳಿವಳಿಕೆಗೆ. ಪುಸ್ತಕವೆಲ್ಲ ಓದಲು ಪುರುಸೊತ್ತಿಲ್ಲದವರು ಸೀಟು, ಬೆಲ್ಟಿನ ಅಧ್ಯಾಯದ ವಾರ್ನಿಂಗ್‌ಗಳನ್ನಾದರೂ ಓದಲಿ. ಮುಂದಿನ ಎಡ ಸೀಟಿನ ಬಿಸಿಲು ತಡೆಯ ಮೇಲೆ ಮಗುವಿನ ಸೀಟಿಗೆ ಕೆಂಪು ಗೆರೆ ಎಳೆದ ಚಿತ್ರವಿದ್ದರೆ, ಆ ಸೀಟಿನ ಮುಂದೆ ಏರ್‌ಬ್ಯಾಗ್ ಇದೆ, ಹಿಂಬದಿಗೆ ಮುಖ ಮಾಡಿ ಕೂರಿಸುವ ಮಗುವಿನ ಸೀಟನ್ನು ಅಲ್ಲಿ ಎಂದಿಗೂ ಇಡಬಾರದು ಎಂದು ತಿಳಿಯಿರಿ. ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ನೇರ ಮಗುವಿನ ತಲೆಯ ಹಿಂಬದಿಗೆ ಬಡಿಯುತ್ತದೆ.

ಸೀಟನ್ನು ಮತ್ತೆ ಕೂರಿಸುವ ಕ್ರಮ

ಇಲ್ಲಿ ಅವಸರ ಬೇಡ. ಅರ್ಧ ಗಂಟೆ ಎತ್ತಿಡಿ, ಹಗಲು ಬೆಳಕಿನಲ್ಲಿ ಮಾಡಿ.

1. ಮೊದಲು ನೆಲ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಒಡೆದ ಟೊಮೆಟೊ ರಸ ಹುಳಿ. ಅದು ಮ್ಯಾಟಿನ ಕೆಳಗಿಳಿದು ಬೋಲ್ಟಿನ ತೂತಿನ ಸುತ್ತ ತಿಂಗಳುಗಟ್ಟಲೆ ನಿಂತರೆ ತಗಡು ತುಕ್ಕು ಹಿಡಿಯುತ್ತದೆ. ಪ್ರತಿ ತೂತಿನ ಸುತ್ತ ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಎಂದರೆ ಸರಿ. ಮಂಕು ಸದ್ದು ಬಂದರೆ, ಪೇಂಟು ಉಬ್ಬಿದ್ದರೆ, ಚೂಪಾದ ತುದಿಯಿಂದ ಒತ್ತಿ ನೋಡಿ. ತಗಡು ಒಳಗೆ ಹೋದರೆ ಅಲ್ಲಿಗೆ ನಿಲ್ಲಿಸಿ. ಆ ಜಾಗಕ್ಕೆ ಟಿಂಕರಿಂಗ್ ಕೆಲಸ ಬಲ್ಲವರಿಂದ ಮೂಲದ ಹಾಗೆ ಬಲವರ್ಧನೆಯ ಪ್ಲೇಟು ಹಾಕಿಸದೆ ಜನ ಕೂರಿಸಬೇಡಿ.

2. ಬೋಲ್ಟುಗಳನ್ನು ಎಣಿಸಿ, ಸಾಲಾಗಿ ಇಡಿ. ಬೆಲ್ಟು ಹಿಡಿಯುವ ಬೋಲ್ಟಿನ ಮರೆ, ಅಂದರೆ ತಿರುಪಿನ ಸುತ್ತು, ಬಹಳಷ್ಟು ವಾಹನಗಳಲ್ಲಿ ಇಂಚಿನ ಲೆಕ್ಕದ್ದು: 7/16 ಇಂಚು, ಇಂಚಿಗೆ 20 ಸುತ್ತು. ಹಾರ್ಡ್‌ವೇರ್ ಅಂಗಡಿಯ 10 ಅಥವಾ 12 ಎಂಎಂ ಬೋಲ್ಟು ನೋಡಲು ಅದರಂತೆಯೇ ಇರುತ್ತದೆ. ಚಿಕ್ಕದು ಸಡಿಲವಾಗುತ್ತದೆ, ದೊಡ್ಡದನ್ನು ಬಲವಂತವಾಗಿ ತಿರುಗಿಸಿದರೆ ನೆಲಕ್ಕೆ ಬೆಸೆದ ನಟ್ಟಿನ ಮರೆ ಕಿತ್ತುಬರುತ್ತದೆ. ತಲೆಯ ಮೇಲಿನ ಅಂಕಿಯನ್ನೂ ನೋಡಿ. 4.6 ಎಂದಿದ್ದರೆ ಸಾಧಾರಣ ಉಕ್ಕು, 8.8 ಎಂದಿದ್ದರೆ ಅದರ ಎರಡು ಪಟ್ಟು ಗಟ್ಟಿ. ಬೋಲ್ಟು ಕಳೆದಿದ್ದರೆ ವ್ಯಾನಿನ ಮಾಡೆಲ್ ಹೇಳಿ ಕಂಪನಿಯ ಬಿಡಿಭಾಗದ ಅಂಗಡಿಯಲ್ಲೇ ಕೊಳ್ಳಿ.

3. ಸೀಟಿನ ಮುಂದಿನ ಕಾಲುಗಳನ್ನು ಕೂರಿಸಿ, ಆಮೇಲೆ ಹಿಂದಿನವು. ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲೇ ನಾಲ್ಕೈದು ಸುತ್ತು ತಿರುಗಿಸಿ. ಬೆರಳಿಗೆ ಬಗ್ಗದ ಬೋಲ್ಟು ಓರೆಯಾಗಿ ಹೊಕ್ಕಿದೆ, ಬಿಚ್ಚಿ ಮತ್ತೆ ಹಾಕಿ. ಎಲ್ಲವೂ ಹಿಡಿದ ಮೇಲೆಯೇ ಸ್ಪ್ಯಾನರ್. ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಬೇಕು, ಎಷ್ಟು ಬಿಗಿ ಎಂಬುದು ಆ ಮಾಡೆಲಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ.

4. ಬಿಗಿ ಮಾಡುವ ಮೊದಲೇ ಎಲ್ಲ ಬಕಲ್‌ಗಳನ್ನು ಕುಷನ್ ಮತ್ತು ಬೆನ್ನಿನ ನಡುವಿನಿಂದ ಮೇಲೆಳೆದು ಬಿಡಿ. ಪಟ್ಟಿ ತಿರುಚಿದ್ದರೆ ಈಗಲೇ ಸರಿಮಾಡಿ. ಮೂವರು ಕೂರುವ ಸೀಟಿನಲ್ಲಿ ಮೂರು ಬಕಲ್ ಕಾಣಬೇಕು.

5. ಸೀಟಿನ ಬೆನ್ನು ಹಿಡಿದು ಹಿಂದೆ ಮುಂದೆ, ಪಕ್ಕಕ್ಕೆ ಜೋರಾಗಿ ಅಲುಗಾಡಿಸಿ. ಕಟಕಟ ಸದ್ದು ಬರಬಾರದು. ಜಾರುವ ಸೀಟಾದರೆ ಲಿವರ್ ಬಿಟ್ಟ ಮೇಲೆ ಕೂತಲ್ಲೇ ಹಿಂದಕ್ಕೂ ಮುಂದಕ್ಕೂ ತಳ್ಳಿ, ಎರಡೂ ಬದಿಯ ಹಳಿ ಲಾಕ್ ಆಗಿದೆಯೇ ನೋಡಿ. ಎಂಜಿನ್ ಕೆಲಸಕ್ಕೆ ಮುಂದಿನ ಸೀಟು ಎತ್ತಿಸಿದ್ದರಂತೂ ಗ್ಯಾರೇಜಿನಿಂದ ಹೊರಡುವ ಮುನ್ನ ಇದನ್ನು ಮರೆಯಲೇಬೇಡಿ. ಸೀಟಿನಡಿಯ ಬಕಲ್ ವೈರು ಚೌಕಟ್ಟಿಗೆ ಸಿಕ್ಕಿಕೊಂಡು ಜಜ್ಜಿದ್ದರೆ ಮೀಟರ್ ಬೋರ್ಡಿನಲ್ಲಿ ದೀಪ ಹತ್ತುತ್ತದೆ.

ಹಿಂಭಾಗದಲ್ಲಿ ಎದುರುಬದುರಾಗಿ ಅಡ್ಡ ಬೆಂಚು ಹಾಕಿಸುವ ರೂಢಿ ಇನ್ನೂ ಇದೆ. ಅದನ್ನು ಬಿಡಿ ಎಂದೇ ಹೇಳುತ್ತೇವೆ. ಅಡ್ಡ ಕೂತವರಿಗೆ ಗುದ್ದಿದಾಗ ಮೈ ಪಕ್ಕಕ್ಕೆ ಮಡಚುತ್ತದೆ, ಸೊಂಟದ ಬೆಲ್ಟು ಹಾಕಿದರೂ ಅದು ಮೃದುವಾದ ಪಕ್ಕೆಗೇ ಒತ್ತುತ್ತದೆ. ಸಿಎನ್‌ಜಿ ಸಿಲಿಂಡರ್ ಮೇಲೆ ಹಲಗೆ ಹಾಕಿ ಕೂರಿಸುವುದು ಅದಕ್ಕಿಂತ ಕೆಟ್ಟದ್ದು. ಆರ್‌ಸಿಯಲ್ಲಿ ಬರೆದ ಆಸನಗಳ ಸಂಖ್ಯೆಯಲ್ಲಿ ಚಾಲಕರೂ ಸೇರಿದ್ದಾರೆ. ಮೂಲ ವಿನ್ಯಾಸವನ್ನು ನಿಮ್ಮಿಷ್ಟದಂತೆ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ.

ಬೆಲ್ಟನ್ನು ಪರೀಕ್ಷಿಸುವುದು

ಪಟ್ಟಿಯನ್ನು ಕೊನೆಯವರೆಗೂ ಎಳೆದು ಎರಡೂ ಅಂಚಿನ ಮೇಲೆ ಬೆರಳಾಡಿಸಿ. ನೂಲು ಎದ್ದಿದ್ದರೆ, ಬೀಡಿ ಕಿಡಿಯ ತೂತಿದ್ದರೆ, ಬಿಸಿಲಿಗೆ ಬಣ್ಣ ಪೂರ್ತಿ ಹಾರಿ ಗಡಸಾಗಿದ್ದರೆ, ಬಾಗಿಲಿಗೆ ಸಿಕ್ಕಿ ಜಜ್ಜಿದ ಗುರುತಿದ್ದರೆ ಇಡೀ ಬೆಲ್ಟು ಬದಲಿಸಿ. ಚಪ್ಪಲಿ ಹೊಲಿಯುವವರಿಂದ ಹೊಲಿಸಬಾರದು, ಗಂಟು ಹಾಕಬಾರದು. ಕಾರ್ಖಾನೆಯ ಹೊಲಿಗೆಯಷ್ಟು ಬಲ ಕೈಹೊಲಿಗೆಗೆ ಬರುವುದಿಲ್ಲ.

ಸುತ್ತುವ ಡಬ್ಬಿಯೊಳಗೆ ಎರಡು ಕಾವಲುಗಾರರಿದ್ದಾರೆ. ಒಂದು ಗುಂಡು ಅಥವಾ ಲೋಲಕ, ಗಾಡಿ ತಟ್ಟನೆ ನಿಂತರೆ ಇಲ್ಲವೇ ವಾಲಿದರೆ ಒಳಗಿನ ಹಲ್ಲುಚಕ್ರವನ್ನು ಹಿಡಿಯುತ್ತದೆ. ಇನ್ನೊಂದು ಪಟ್ಟಿಯನ್ನು ಜೋರಾಗಿ ಎಳೆದಾಗ ಹಿಡಿಯುತ್ತದೆ. ಪಟ್ಟಿಯನ್ನು ಮೆಲ್ಲಗೆ ಎಳೆಯಿರಿ, ಬರಬೇಕು. ರಪ್ಪನೆ ಎಳೆಯಿರಿ, ನಿಲ್ಲಬೇಕು. ಬಿಟ್ಟರೆ ತಾನೇ ಒಳಗೆ ಹೋಗಬೇಕು. ಗುಂಡಿನ ಪರೀಕ್ಷೆಗೆ ಖಾಲಿ ಮೈದಾನದಲ್ಲಿ, ಹಿಂದೆ ಯಾರೂ ಬರುತ್ತಿಲ್ಲ ಎಂದು ನೋಡಿಕೊಂಡು, 10ರಿಂದ 15 ಕಿ.ಮೀ. ವೇಗದಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿ. ಪಟ್ಟಿ ಎದೆಗೆ ಹಿಡಿದು ನಿಲ್ಲಬೇಕು.

ಡಬ್ಬಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ಎಳೆದರೆ ಪಟ್ಟಿ ಬರುವುದಿಲ್ಲ. ಆಗ "ಹಾಳಾಗಿದೆ" ಎಂದು ಎಸೆದವರಿದ್ದಾರೆ. ಹಾಳಾಗಿಲ್ಲ, ವಾಲಿಸಿ ಹಿಡಿದದ್ದರಿಂದ ಗುಂಡು ಲಾಕ್ ಮಾಡಿದೆ. ಆರ್-16ರ ಪ್ರಕಾರ 12 ಡಿಗ್ರಿಯವರೆಗೆ ವಾಲಿದರೆ ಲಾಕ್ ಆಗಬಾರದು, 27 ಡಿಗ್ರಿ ಮೀರಿದರೆ ಆಗಲೇಬೇಕು. ಕಡಿದಾದ ಇಳಿಜಾರಿನಲ್ಲಿ ನಿಲ್ಲಿಸಿದಾಗ ಬೆಲ್ಟು ಬಿಗಿದುಕೊಂಡರೂ ಕಾರಣ ಇದೇ ಇರಬಹುದು. ಪಟ್ಟಿಯನ್ನು ಪೂರ್ತಿ ಒಳಗೆ ಹೋಗಲು ಬಿಟ್ಟು ನಿಧಾನ ಎಳೆಯಿರಿ. ಗುಜರಿಯಿಂದ ಬೇರೆ ಮಾಡೆಲಿನ ಡಬ್ಬಿ ತಂದು ಹಾಕಬಾರದು ಎನ್ನುವುದಕ್ಕೂ ಇದೇ ಕಾರಣ. ಅದರ ಕೋನ ನಿಮ್ಮ ವ್ಯಾನಿನದಲ್ಲ. ಒಂದೋ ಸದಾ ಬಿಗಿದೇ ಇರುತ್ತದೆ, ಇಲ್ಲ ಬೇಕಾದಾಗ ಹಿಡಿಯುವುದಿಲ್ಲ.

ಬಕಲ್ ಪರೀಕ್ಷೆಗೆ ಕಿವಿ ಬೇಕು. ನಾಲಿಗೆ ಒಳಗೆ ಹೋದಾಗ "ಟಕ್" ಎಂಬ ಒಂದೇ ಚೊಕ್ಕ ಸದ್ದು ಬರಬೇಕು. ಕೂಡಲೇ ಹಿಡಿದೆಳೆದು ನೋಡಿ, ಹೀಗೆ ಹತ್ತು ಸಲ ಮಾಡಿ. ಸದ್ದು ಬಾರದೆ ಮೆತ್ತಗೆ ಕೂತರೆ ಒಳಗೆ ಏನೋ ಬಿದ್ದಿದೆ. ಟಾರ್ಚ್ ಹಿಡಿದು ಇಣುಕಿದರೆ ಹೆಚ್ಚಾಗಿ ಕಾಣುವುದು ಕಡಲೆಕಾಯಿ ಸಿಪ್ಪೆ, ಹುಣಸೆ ಬೀಜ, ಒಂದು ರೂಪಾಯಿ ನಾಣ್ಯ, ಜ್ಯೂಸ್ ಚೆಲ್ಲಿ ಅಂಟಾದ ಧೂಳು. ಚಿಮಟದಿಂದ ತೆಗೆಯಿರಿ, ವ್ಯಾಕ್ಯೂಮಿನಿಂದ ಎಳೆಯಿರಿ. ಎಣ್ಣೆ ಬಿಡಬೇಡಿ, ಧೂಳು ಅದಕ್ಕೆ ಹಿಡಿದು ಇನ್ನಷ್ಟು ಕೆಡುತ್ತದೆ. ಆಮೇಲೂ ಹತ್ತರಲ್ಲಿ ಒಂದು ಸಲ ತಪ್ಪಿದರೆ ಆ ಬಕಲ್ ಬದಲಿಸಲೇಬೇಕು.

ಬೆಲ್ಟು ನಿಧಾನವಾಗಿ ಒಳಗೆ ಹೋಗುತ್ತಿದ್ದರೆ ಸ್ಪ್ರಿಂಗನ್ನು ದೂರುವ ಮೊದಲು, ಬಾಗಿಲ ಪಕ್ಕದ ಕಂಬದ ಮೇಲೆ ಪಟ್ಟಿ ಹಾದುಬರುವ ಬಳೆ ನೋಡಿ. ಬೆವರು, ತಲೆಗೆಣ್ಣೆ, ಧೂಳು ಸೇರಿ ಅಲ್ಲಿ ಕಪ್ಪು ಜಿಡ್ಡು ಕಟ್ಟಿರುತ್ತದೆ. ಸೋಪುನೀರಿನ ಬಟ್ಟೆಯಿಂದ ಅದನ್ನು ಉಜ್ಜಿದರೆ ಎಷ್ಟೋ ಬೆಲ್ಟುಗಳು ಸರಿಹೋಗುತ್ತವೆ. ಪಟ್ಟಿ ತೊಳೆಯಬೇಕಾದರೆ ಪೂರ್ತಿ ಎಳೆದು, ಒಳಗೆ ಹೋಗದಂತೆ ಬಟ್ಟೆ ಕ್ಲಿಪ್ಪು ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ಸೌಮ್ಯ ಸೋಪು ಕಲಸಿ ಮೆತ್ತನೆ ಬ್ರಷ್ಷಿನಿಂದ ಒರೆಸಿ. ಬ್ಲೀಚು, ಪೆಟ್ರೋಲು, ಬಣ್ಣ ಯಾವುದೂ ಬೇಡ, ನೂಲು ಸೊರಗುತ್ತದೆ. ರಾತ್ರಿಯಿಡೀ ನೆರಳಲ್ಲಿ ಒಣಗಿದ ಮೇಲೆ ಒಳಗೆ ಬಿಡಿ. ಒದ್ದೆ ಪಟ್ಟಿ ಡಬ್ಬಿಯೊಳಗೆ ಹೋದರೆ ಬೂಷ್ಟು ಹಿಡಿಯುತ್ತದೆ.

ಹಾಕಿಕೊಳ್ಳುವುದು

ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆ ಸೇರುವ ಕಡೆ ಸೊಂಟದ ಮೂಳೆಗೆ ತಾಗಿ ಕೆಳಗೆ ಕೂರಬೇಕು. ಹೊಟ್ಟೆ ಮೇಲಿದ್ದರೆ ಗುದ್ದಿದಾಗ ಮೈ ಪಟ್ಟಿಯಡಿಗೆ ಜಾರಿ ಕರುಳು, ಗುಲ್ಮ ನಜ್ಜುಗುಜ್ಜಾಗುತ್ತವೆ. ಭುಜದ ಪಟ್ಟಿ ಕೊರಳೆಲುಬಿನ ನಡುಭಾಗದ ಮೇಲೆ ಹಾದು ಎದೆಯ ಮೇಲೆ ಬರಲಿ. ಕುತ್ತಿಗೆಗೆ ಉಜ್ಜುತ್ತದೆಂದು ಕಂಕುಳಡಿ ತೂರಿಸಿಕೊಂಡರೆ ಅದು ಪಕ್ಕೆಲುಬು ಮುರಿಯುತ್ತದೆ. ಮೊದಲು ಸೊಂಟದ ಭಾಗ ಬಿಗಿಮಾಡಿ, ಆಮೇಲೆ ಭುಜದ ಭಾಗವನ್ನು ಮೇಲೆಳೆದು ಸಡಿಲ ತೆಗೆಯಿರಿ. ಸೆರಗು, ಶಾಲು ಪಟ್ಟಿಯಡಿ ದಪ್ಪಗೆ ಮಡಚಿರದಂತೆ ಸರಿಸಿ. "ಅಜ್ಜಿ, ಸ್ವಲ್ಪ ಹಿಂದಕ್ಕೆ ಕೂತ್ಕೊಳ್ಳಿ, ಬೆಲ್ಟು ಕೆಳಗೆ ಬರ್ಲಿ" ಎಂದು ಕೂರಿಸಿಕೊಡುವುದು ಚಾಲಕರ ಕೆಲಸವೇ. ಸೀಟನ್ನು ಹಿಂದಕ್ಕೆ ಒರಗಿಸಿ ಮಲಗಿದವರಿಗೆ ಬೆಲ್ಟು ಮೈಯಿಂದ ದೂರ ನಿಲ್ಲುತ್ತದೆ, ಅದು ಹಾಕದಂತೆಯೇ.

ಬಸುರಿಯರೂ ಹಾಕಬೇಕು. ಸೊಂಟದ ಪಟ್ಟಿ ಹೊಟ್ಟೆಯ ಕೆಳಗೆ, ಭುಜದ ಪಟ್ಟಿ ಎದೆಗಳ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ. ಚಾಲಕರು ಸ್ಟೀರಿಂಗ್ ನಡುವಿಗೂ ಎದೆಗೂ ಸುಮಾರು 25 ಸೆಂ.ಮೀ. ಅಂತರ ಇಟ್ಟುಕೊಳ್ಳಿ. ತಲೆದಿಂಬು ಕುತ್ತಿಗೆಗಲ್ಲ, ತಲೆಯ ಹಿಂಬದಿಗೆ.

ಹಳೆಯ ವ್ಯಾನುಗಳ ಹಿಂದೆ ಸೊಂಟಕ್ಕೆ ಮಾತ್ರ ಬರುವ, ತಾನೇ ಸುತ್ತಿಕೊಳ್ಳದ ಬೆಲ್ಟಿರುತ್ತದೆ. ನಾಲಿಗೆಯನ್ನು ಪಟ್ಟಿಗೆ ನೇರ ಅಡ್ಡಲಾಗಿ ಹಿಡಿದು ಎಳೆದರೆ ಉದ್ದವಾಗುತ್ತದೆ, ಹಾಕಿದ ಮೇಲೆ ಬಿಡಿ ತುದಿಯನ್ನು ಎಳೆದರೆ ಬಿಗಿಯಾಗುತ್ತದೆ. ಇದು ಗೊತ್ತಿಲ್ಲದೆ "ಬೆಲ್ಟು ಸಾಲಲ್ಲ" ಎಂದು ಹಿಂದೆ ಬಿಸಾಡಿರುವುದೇ ಹೆಚ್ಚು. ಒಂದು ಬೆಲ್ಟಿಗೆ ಒಬ್ಬರೇ. ಇಬ್ಬರು ಮಕ್ಕಳನ್ನು ಒಂದರೊಳಗೆ ಬಿಗಿದರೆ ತಲೆಗೆ ತಲೆ ಬಡಿಯುತ್ತದೆ.

ಮಕ್ಕಳಿಗೆ ಎಐಎಸ್-072 (ಮಕ್ಕಳ ಸೀಟಿಗೆ ನಮ್ಮಲ್ಲಿರುವ ಮಾನಕ) ಗುರುತಿನ ಸೀಟು ನೋಡಿ. ಕನಿಷ್ಠ 15 ತಿಂಗಳವರೆಗೆ ಹಿಂಬದಿಗೆ ಮುಖ ಮಾಡಿ, ಹಿಂದಿನ ಸೀಟಿನಲ್ಲಿ. ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟಿಗೆ ಭುಜದ ಪಟ್ಟಿ ಇರುವ ಬೆಲ್ಟೇ ಬೇಕು. ಬರೀ ಸೊಂಟದ ಬೆಲ್ಟಿನೊಂದಿಗೆ ಅದನ್ನು ಬಳಸಬಾರದು. ಸುಮಾರು 150 ಸೆಂ.ಮೀ. ಎತ್ತರ ಬರುವವರೆಗೆ ದೊಡ್ಡವರ ಬೆಲ್ಟು ಮಗುವಿನ ಕುತ್ತಿಗೆಗೂ ಹೊಟ್ಟೆಗೂ ಬೀಳುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 194ಬಿ ಕಲಂ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ ಎನ್ನುತ್ತದೆ. ಮುಂದಕ್ಕೆ ಮುಖವಿರುವ ಹಿಂದಿನ ಸೀಟಿನವರೂ ಬೆಲ್ಟು ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138(3) ಹೇಳುತ್ತದೆ.

ಗುದ್ದಿದ ಮೇಲೆ, ಕೆಟ್ಟು ನಿಂತ ಮೇಲೆ

2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ, ಮಂಜಿನಲ್ಲಿ, ಹೆದ್ದಾರಿ 44ರ ಬದಿ ನಿಂತಿದ್ದ ಟ್ಯಾಂಕರ್‌ಗೆ ಹಿಂದಿನಿಂದ ಪ್ರಯಾಣಿಕರ ವಾಹನ ಗುದ್ದಿ 13 ಮಂದಿ ತೀರಿಕೊಂಡರು. ವ್ಯಾನು ಕೆಟ್ಟು ನಿಂತರೆ ನಾಲ್ಕೂ ಇಂಡಿಕೇಟರ್ ಹಾಕಿ, ಜನರನ್ನು ಎಡಬದಿಯಿಂದ ಇಳಿಸಿ ತಡೆಗಂಬಿಯ ಆಚೆ ನಿಲ್ಲಿಸಿ, ಪ್ರತಿಫಲಿಸುವ ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ. ದೊಡ್ಡ ಹೆಜ್ಜೆಯಲ್ಲಿ ಸುಮಾರು 70. ಮಂಜಿದ್ದರೆ ಇನ್ನೂ ದೂರ. ಸೀಟಿನಲ್ಲೇ ಕೂತು ಮೆಕ್ಯಾನಿಕ್‌ಗೆ ಕಾಯಬೇಡಿ.

ಜೋರಾಗಿ ಗುದ್ದಿದ ವ್ಯಾನಿನಲ್ಲಿ ಆ ಹೊತ್ತು ಯಾರ ಮೈ ಹಿಡಿದಿತ್ತೋ ಆ ಬೆಲ್ಟುಗಳನ್ನೆಲ್ಲ ಬದಲಿಸಬೇಕು. ನೂಲು ಒಮ್ಮೆ ಹಿಗ್ಗಿದರೆ ಮತ್ತೆ ಮೊದಲಿನಂತಾಗದು, ಕಣ್ಣಿಗೆ ಅದು ಕಾಣುವುದೂ ಇಲ್ಲ. ಬಳೆ ಅಥವಾ ನಾಲಿಗೆಯ ಪ್ಲಾಸ್ಟಿಕ್ ಕರಗಿ ಗೆರೆ ಬಿದ್ದಿದ್ದರೆ ಬೆಲ್ಟು ಭಾರ ಹೊತ್ತಿದೆ ಎಂಬುದಕ್ಕೆ ಅದೇ ಗುರುತು. ಸಿಡಿದ ಪ್ರಿಟೆನ್ಷನರ್, ಏರ್‌ಬ್ಯಾಗ್ ಎರಡನೇ ಸಲ ಬಳಕೆಗೆ ಬಾರವು. ವಿಮೆಗೆ ಅರ್ಜಿ ಹಾಕುವಾಗ ಬೆಲ್ಟು, ಬಕಲ್, ಸೀಟಿನ ಹಳಿ, ನೆಲದ ಬೋಲ್ಟಿನ ಜಾಗ ಇವನ್ನೂ ಹೆಸರು ಹಿಡಿದು ಪಟ್ಟಿಗೆ ಸೇರಿಸಿ, ಸರ್ವೇಯರ್ ಬಂದಾಗ ತೋರಿಸಿ. ಬಾಗಿಲು, ಬಂಪರ್ ಮಾತ್ರ ಬರೆದುಕೊಂಡು ಹೋದರೆ ಆಮೇಲೆ ಬೆಲ್ಟಿನ ಖರ್ಚು ನಿಮ್ಮ ತಲೆಗೇ ಬರಬಹುದು.

ಕೊನೆಗೆ, ಬೆಲ್ಟು ಕತ್ತರಿಸುವ ಸಣ್ಣ ಕಟರ್ ಒಂದನ್ನು ಚಾಲಕರ ಕೈಗೆಟುಕುವಂತೆ ಕಟ್ಟಿಡಿ, ಡಿಕ್ಕಿಯಲ್ಲಿ ಅಲ್ಲ. ವ್ಯಾನು ಮಗುಚಿದಾಗ ಬಕಲ್ ಮೇಲೆ ಮೈಭಾರ ಬಿದ್ದು ಗುಂಡಿ ಒತ್ತಲಾಗದೆ ಹೋಗಬಹುದು. ಕತ್ತರಿಸುವ ಮೊದಲು ಅವರ ಭುಜ, ಸೊಂಟಕ್ಕೆ ಒಬ್ಬರು ಕೈಕೊಟ್ಟು ಹಿಡಿದಿರಬೇಕು, ಇಲ್ಲವಾದರೆ ತಲೆಕೆಳಗಾಗಿ ಬೀಳುತ್ತಾರೆ. ಬಕಲ್ ಹತ್ತಿರದ ಸೊಂಟದ ಪಟ್ಟಿಯನ್ನು ಓರೆಯಾಗಿ ಎಳೆದು ಕತ್ತರಿಸಿ.